ಕೆಳಗಿನವರ ಹಕ್ಕು

ಚರಂಡಿಗೆ ಎಸೆದ ಕಸವನ್ನು ಮಳೆನೀರು ಎಲ್ಲಿಗೆ ಒಯ್ಯುತ್ತದೆ? ತಗ್ಗಿನ ಕಡೆಗೆ. ಹೊಸಪೇಟೆಯಿಂದ ಕೆಳಗೆ ಹರಿಯುವ ತುಂಗಭದ್ರೆಯ ದಡದಲ್ಲಿ ಹಂಪಿಯಿದೆ, ಕಂಪ್ಲಿಯಿದೆ. ನಮ್ಮ ಕೊಳೆ ಅವರ ಪಾಲಾಗುವುದು ನ್ಯಾಯವೇ?

ಬೆಂಗಳೂರಿನ ಜಕ್ಕೂರಿನಲ್ಲಿ ಶುದ್ಧೀಕರಿಸಿದ ಕೊಳಚೆ ನೀರನ್ನು ಜೊಂಡು ಬೆಳೆದ ಜೌಗಿನ ಮೂಲಕ ಹಾಯಿಸಿ ಕೆರೆಗೆ ಬಿಡುವ ಏರ್ಪಾಡು ಮಾಡಲಾಗಿದೆ. ಹಾಗೆಯೇ, ಊರಿನ ತಗ್ಗಿನಲ್ಲಿ ಪಾಳುಬಿದ್ದ ಉದ್ಯಾನವಿದ್ದರೆ ಮಳೆನೀರು ಅಲ್ಲಿ ತಂಗಿ, ಕೆಸರು ಇಳಿದು, ಸೋಸಿ ಮುಂದೆ ಹೋಗಬಹುದು.

ಆಟದ ಜಾಗ ಹೋಯಿತೆಂಬ ಆಕ್ಷೇಪವೂ ಸರಿಯೇ. ಒಂದು ಭಾಗ ಮಕ್ಕಳಿಗಿರಲಿ. ಆದರೆ ನಿಂತ ನೀರಿನಲ್ಲಿ ಮೂತ್ರ ಮಾಡುವುದನ್ನು ಪ್ರವಾದಿಯವರು(ಸ) ನಿಷೇಧಿಸಿದ್ದಾರೆ. ಒಬ್ಬನಿಗೆ ಸಲ್ಲದ್ದು ಇಡೀ ಊರಿಗೆ ಹೇಗೆ ಸಲ್ಲುತ್ತದೆ? ಹರಿದುಹೋದ ಕೊಳೆ ನಮ್ಮ ಕಣ್ಣಿಗೆ ಮರೆಯಾದೀತು, ಅಲ್ಲಾಹನ ವಿಚಾರಣೆಗೆ ಮರೆಯಾಗದು.