ಮರ್ಯಾದೆಗೆ ಯಾರು ಹಕ್ಕುದಾರರು?

ಕಿತ್ತೂರು, ಬೈಲಹೊಂಗಲ, ಸವದತ್ತಿ ಸೀಮೆಯ ಜಾತ್ರೆ, ಉರುಸುಗಳಲ್ಲಿ ನಡೆಯುವ ಜಂಗಿ ನಿಕಾಲಿ ಕುಸ್ತಿಯಲ್ಲಿ ತೀರ್ಪಿನ ತಕರಾರು ಕಡಿಮೆ. ಬೆನ್ನು ಮಣ್ಣಿಗೆ ಹತ್ತಿತೋ, ಮುಗಿಯಿತು. ಹಲಗಿ ಬಾರಿಸುವವನಿಗೂ ಗಿಡ ಹತ್ತಿ ಕುಳಿತ ಹುಡುಗನಿಗೂ ಗೆದ್ದವನು ಯಾರೆಂದು ಒಂದೇ ಸಲಕ್ಕೆ ಗೊತ್ತಾಗುತ್ತದೆ. ತಕರಾರು ಶುರುವಾಗುವುದು ಆಮೇಲೆ, ಚಹಾದಂಗಡಿಯಲ್ಲಿ. ಆ ಕಾಲದ ಪೈಲವಾನ ದೊಡ್ಡವನೋ, ಈ ಕಾಲದವನೋ? ಗರಡಿಮನೆಯ ಗೋಡೆಯ ಮೇಲೆ ಯಾರ ಫೋಟೋ ಹಾಕಬೇಕು? ಅಲ್ಲಿ ಮಣ್ಣು ಸಾಕ್ಷಿ ಹೇಳುವುದಿಲ್ಲ. ನೆನಪು, ಅಭಿಮಾನ, ನಮ್ಮವ ನಿಮ್ಮವ ಎಂಬ ಲೆಕ್ಕಗಳೇ ಮಾತಾಡುತ್ತವೆ.

ಗೆಲ್ಲುವುದು ಬೇರೆ, ಮರ್ಯಾದೆಗೆ ಅರ್ಹನಾಗುವುದು ಬೇರೆ. ಉರ್ದುವಿನಲ್ಲಿ 'ಹಕ್' ಎಂಬ ಶಬ್ದಕ್ಕೆ ಸಲ್ಲಬೇಕಾದದ್ದು ಎಂಬ ಅರ್ಥವೂ ಇದೆ, ಸತ್ಯ ಎಂಬ ಅರ್ಥವೂ ಇದೆ. ಆ ಶಬ್ದ ಕನ್ನಡಕ್ಕೆ ಬಂದು 'ಹಕ್ಕು' ಆದಾಗ ಮೊದಲನೆಯ ಅರ್ಥ ಉಳಿಯಿತು, ಎರಡನೆಯದು ಜಾರಿಹೋಯಿತು. ನಮ್ಮ ಪ್ರಶಸ್ತಿಗಳ ಗತಿಯೂ ಹಾಗೆಯೇ ಆಗಿದೆ ಅನ್ನಿಸುತ್ತದೆ. ನವೆಂಬರ್ ಬಂತೆಂದರೆ ರಾಜ್ಯೋತ್ಸವ ಪ್ರಶಸ್ತಿಯ ಪಟ್ಟಿ ಬರುತ್ತದೆ. 2024ರಲ್ಲಿ ಅದರಲ್ಲಿ 69 ಹೆಸರುಗಳಿದ್ದವು. ಪಟ್ಟಿ ಕೈಗೆ ಬಂದಾಗ ನಮ್ಮ ಕಣ್ಣು ಮೊದಲು ಹುಡುಕುವುದು ಸಾಧನೆಯನ್ನಲ್ಲ. ನಮ್ಮ ಜಿಲ್ಲೆಯವರೆಷ್ಟು, ನಮ್ಮ ಜಾತಿಯವರೆಷ್ಟು? ಮುಸಲ್ಮಾನರಾದ ನಾವೂ ಇದಕ್ಕೆ ಹೊರತಲ್ಲ.

ಹೀಗೆ ಹುಡುಕುವುದೇ ತಪ್ಪು, ಯೋಗ್ಯತೆಯೊಂದೇ ಮಾನದಂಡವಾಗಲಿ ಎನ್ನುವವರಿದ್ದಾರೆ. ಕೇಳಲು ಚೆಂದದ ಮಾತು. ಆದರೆ ಕರ್ನಾಟಕ ಸರ್ಕಾರ ಕ್ರೀಡಾಪಟುಗಳಿಗೆ ಕೊಡುವ ದೊಡ್ಡ ಪ್ರಶಸ್ತಿಯ ಹೆಸರೇ ಏಕಲವ್ಯ. ಬಾಗಿಲಾಚೆ ನಿಂತು ಕಲಿತವನ, ಕಲಿತದ್ದಕ್ಕೆ ಹೆಬ್ಬೆರಳು ತೆತ್ತವನ ಹೆಸರು. ಆ ಏಕಲವ್ಯ ಇವತ್ತು ಬಂದರೆ ಪ್ರಶಸ್ತಿ ಅವನಿಗೇ ಸಿಕ್ಕೀತೆ? ಪಟ್ಟಿಗೆ ಬರಲು ಪದಕ ಬೇಕು, ಪದಕಕ್ಕೆ ಪಂದ್ಯ ಬೇಕು, ಪಂದ್ಯಕ್ಕೆ ಮೊದಲು ಬಾಗಿಲು ತೆರೆಯಬೇಕು. ಪದಕ ಗೆದ್ದವರಿಗೂ ಮರ್ಯಾದೆ ಹೊತ್ತಿಗೆ ಸರಿಯಾಗಿ ಸಿಕ್ಕಿತೆಂದಲ್ಲ. ಕೊಲ್ಹಾಪುರದ ಮಣ್ಣಿನಲ್ಲಿ ಪಳಗಿದ ಖಾಶಾಬಾ ಜಾಧವ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಪದಕ ಅದು. ಎರಡನೆಯದಕ್ಕೆ ದೇಶ 1996ರವರೆಗೆ ಕಾಯಬೇಕಾಯಿತು. ಜಾಧವ 1984ರಲ್ಲಿ ಅಪಘಾತದಲ್ಲಿ ತೀರಿಕೊಂಡರು. ಅರ್ಜುನ ಪ್ರಶಸ್ತಿ ಬಂದದ್ದು ಅವರು ಹೋಗಿ ಹದಿನೈದು ವರ್ಷಗಳಿಗೂ ಮೇಲೆ.

ಈ ಪ್ರಶ್ನೆಯನ್ನು ವರ್ಷವರ್ಷವೂ ಬಹಿರಂಗವಾಗಿ ಜಗಳವಾಡುವ ದೇಶವೊಂದಿದೆ. ಅಮೆರಿಕದ ಕೂಪರ್ಸ್‌ಟೌನ್ ಎಂಬ ಸಣ್ಣ ಊರಿನಲ್ಲಿ ಬೇಸ್‌ಬಾಲ್ ಆಟಗಾರರ 'ಹಾಲ್ ಆಫ್ ಫೇಮ್' ಇದೆ. 1936ರಿಂದ ಅದಕ್ಕೆ ಆಯ್ಕೆ ನಡೆಯುತ್ತಿದೆ. ಹಿರಿಯ ಪತ್ರಕರ್ತರು ಮತ ಹಾಕುತ್ತಾರೆ. ನೂರರಲ್ಲಿ ಎಪ್ಪತ್ತೈದು ಮತ ಬಿದ್ದರಷ್ಟೇ ಒಳಗೆ. ಆಟದ ಜೊತೆಗೆ ಪ್ರಾಮಾಣಿಕತೆ, ನಡತೆಗಳನ್ನೂ ನೋಡಬೇಕೆಂಬ ನಿಯಮವಿದೆ. ಪೀಟ್ ರೋಸ್ ಎಂಬವನು 4256 ಸಲ ಚೆಂಡನ್ನು ಸರಿಯಾಗಿ ಹೊಡೆದು ದಾಖಲೆ ಮಾಡಿದ. ತನ್ನದೇ ತಂಡದ ಪಂದ್ಯಗಳ ಮೇಲೆ ಜೂಜು ಕಟ್ಟಿದ್ದಕ್ಕೆ 1989ರಲ್ಲಿ ಆಟದಿಂದ ಹೊರಬಿದ್ದ. 2024ರಲ್ಲಿ ಸತ್ತ. ನಿಷೇಧ ತೆಗೆದದ್ದು ಮರುವರ್ಷ. ಅದೇ ಭವನದಲ್ಲಿ ಕ್ಯಾಪ್ ಆನ್ಸನ್ ಎಂಬವನ ಫಲಕ 1939ರಿಂದಲೂ ಇದೆ. ಕರಿಯ ಆಟಗಾರರಿದ್ದರೆ ಕಣಕ್ಕಿಳಿಯುವುದಿಲ್ಲ ಎಂದು ಹಟ ಹಿಡಿದವನು ಅವನು. ಜೂಜಾಡಿದವನ ನಡತೆ ಲೆಕ್ಕಕ್ಕೆ ಬಂತು, ಬಾಗಿಲು ಮುಚ್ಚಿದವನ ನಡತೆ ಬರಲಿಲ್ಲ. ಜೂಜನ್ನು ನಾನು ಸಮರ್ಥಿಸುತ್ತಿಲ್ಲ. ಒಬ್ಬನ ಮಟ್ಟಿಗೆ ತಕ್ಕಡಿ ತೆಗೆದು, ಇನ್ನೊಬ್ಬನ ಮಟ್ಟಿಗೆ ಅದನ್ನು ಒಳಗಿಡುವುದು ಇನ್ಸಾಫ್ ಅಲ್ಲ ಎನ್ನುತ್ತಿದ್ದೇನೆ.

1947ರಲ್ಲಿ ಜಾಕಿ ರಾಬಿನ್ಸನ್ ಬರುವವರೆಗೆ ಆ ದೊಡ್ಡ ಲೀಗುಗಳಲ್ಲಿ ಅರವತ್ತು ವರ್ಷಗಳ ಕಾಲ ಕರಿಯರಿಗೆ ಜಾಗವಿರಲಿಲ್ಲ. ಅವರು ತಮ್ಮದೇ ಲೀಗುಗಳಲ್ಲಿ ಆಡಿದರು. ಬಾಗಿಲೇ ಮುಚ್ಚಿದ್ದಾಗ ಯೋಗ್ಯತೆಯ ಪಟ್ಟಿಯಲ್ಲಿ ಅವರ ಹೆಸರು ಎಲ್ಲಿಂದ ಬರಬೇಕು? 1971ರಲ್ಲಿ ಸ್ಯಾಚೆಲ್ ಪೇಜ್‌ನನ್ನು ಆರಿಸಿದಾಗ ಅವರಿಗೆ ಬೇರೆ ಜಾಗ ಕೊಡೋಣ ಎಂಬ ಮಾತು ಬಂತು. ಜನ ಛೀಮಾರಿ ಹಾಕಿದ ಮೇಲೆ ಎಲ್ಲರ ಸಾಲಿನಲ್ಲೇ ಫಲಕ ಬಂತು. ಕೊನೆಗೆ ಇತಿಹಾಸ ಬಲ್ಲವರು ಕೂತು, ಹಳೆಯ ಪತ್ರಿಕೆಗಳನ್ನು ಜಾಲಾಡಿ, ಮರೆತುಹೋದ ಪಂದ್ಯಗಳ ಲೆಕ್ಕ ತೆಗೆದರು. 2006ರಲ್ಲಿ ಒಂದೇ ಸಲ 17 ಮಂದಿ ಆಯ್ಕೆಯಾದರು. ನೀವು ಇಷ್ಟು ಜನರಿದ್ದೀರಿ, ಇಷ್ಟು ಪಾಲು ತೆಗೆದುಕೊಳ್ಳಿ ಎಂದು ಕೊಟ್ಟದ್ದಲ್ಲ. ಹುಡುಕಿದರು, ಸಿಕ್ಕರು. ಪಾಲು ಹಂಚುವುದಕ್ಕೂ ಸತ್ಯ ಹುಡುಕುವುದಕ್ಕೂ ಇರುವ ವ್ಯತ್ಯಾಸ ಇಷ್ಟೇ. ಪಟ್ಟಿಯಲ್ಲಿ ನಮ್ಮವರಿಲ್ಲ ಎಂಬುದು ಪ್ರಶಸ್ತಿ ಕೊಡಲು ಕಾರಣವಾಗಬಾರದು, ಮತ್ತೊಮ್ಮೆ ಹುಡುಕಲು ಕಾರಣವಾಗಲೇಬೇಕು.

ನಮ್ಮ ಸೀಮೆಗೆ ಇದು ಬರೀ ಆಟದ ಮಾತಲ್ಲ. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣ ಕಂಪನಿ ಸರ್ಕಾರದ ಕಣ್ಣಿಗೆ ದಂಗೆಕೋರ. ಅವನ ಹೆಸರನ್ನು ಕಾಪಾಡಿದವರು ಲಾವಣಿಕಾರರು. ಯಾವ ಸಮಿತಿಯೂ ಅವರನ್ನು ನೇಮಿಸಿರಲಿಲ್ಲ. ಸಂಸತ್ತಿನ ಆವರಣದಲ್ಲಿ ಚೆನ್ನಮ್ಮನ ಪ್ರತಿಮೆ ನಿಂತದ್ದು 2007ರಲ್ಲಿ. ರಾಜಧಾನಿಯ ರೈಲು ನಿಲ್ದಾಣಕ್ಕೆ ರಾಯಣ್ಣನ ಹೆಸರು ಬಂದದ್ದು ಅದಕ್ಕೂ ಆಮೇಲೆ. ಸರ್ಕಾರ ಜನರ ಹಿಂದೆ ನಡೆದುಬಂತು.

ಹಾಗೆಂದು ಜನರ ನೆನಪು ಎಲ್ಲವನ್ನೂ ಉಳಿಸಿತು ಎನ್ನುವಂತಿಲ್ಲ. ರಾಯಣ್ಣನ ಜೊತೆ ಗಲ್ಲಿಗೇರಿದವರ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಬಾಯಿಗೆ ಬರುತ್ತದೆ? 1824ರ ಅಕ್ಟೋಬರ್ 23ರಂದು ಥ್ಯಾಕರೆಯನ್ನು ಕೆಡವಿದ ಅಮಟೂರ ಬಾಳಪ್ಪನನ್ನು ಕಿತ್ತೂರು ಉತ್ಸವದ ಮೂರು ದಿನ ಬಿಟ್ಟರೆ ಯಾರು ನೆನೆಯುತ್ತಾರೆ? ರಾಯಣ್ಣನ ಬಂಟ ಸಿದ್ದಿ ಗಜವೀರನ ಹೆಸರು ಹೇಳಲು ಅವನ ಹಿಂದೆ ದೊಡ್ಡ ಸಮಾಜವಿಲ್ಲ, ಮತಗಳೂ ಇಲ್ಲ. ಇತ್ತ ಚೆನ್ನಮ್ಮ ಒಂದು ಸಮಾಜದವಳಾಗಿ, ರಾಯಣ್ಣ ಇನ್ನೊಂದು ಸಮಾಜದವನಾಗಿ ಬ್ಯಾನರುಗಳಲ್ಲಿ ಬೇರೆಬೇರೆಯಾಗುತ್ತಿದ್ದಾರೆ. ಒಂದೇ ಸಂಸ್ಥಾನಕ್ಕಾಗಿ ಸೋತು ಸತ್ತವರನ್ನು ನಾವು ಗೆದ್ದ ಆಸ್ತಿಯಂತೆ ಹಂಚಿಕೊಳ್ಳುತ್ತಿದ್ದೇವೆ.

ಅಮೆರಿಕದ ಆ ಆಟಗಾರರಲ್ಲಿ ಬಕ್ ಓನೀಲ್ ಎಂಬ ಹಿರಿಯರಿದ್ದರು. ಕರಿಯರ ಲೀಗುಗಳ ಕತೆ ಜಗತ್ತಿಗೆ ತಿಳಿಯಲು ಅವರಷ್ಟು ದುಡಿದವರು ಕಡಿಮೆ. 2006ರ 17ರಲ್ಲಿ ಅವರ ಹೆಸರು ಇರಲಿಲ್ಲ. ಆದರೂ 94ರ ಆ ಮುದುಕ ಸಮಾರಂಭಕ್ಕೆ ಹೋಗಿ, ಆಯ್ಕೆಯಾದ, ಆಗಲೇ ತೀರಿಹೋಗಿದ್ದ ಹದಿನೇಳೂ ಮಂದಿಯ ಪರವಾಗಿ ಮಾತಾಡಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಅವರ ಫಲಕ ಬಂದದ್ದು 2022ರಲ್ಲಿ. ಸತ್ತವನಿಗೆ ಫಲಕದಿಂದ ಏನೂ ಆಗಬೇಕಾದದ್ದಿಲ್ಲ. ಆದರೆ ಅಂದು ಅವರು ಆಡಿದ್ದು ತನ್ನ ಪಾಲಿನ ಮಾತಲ್ಲ, ಬೇರೆಯವರ ಹಕ್.

ಒಬ್ಬನು ಮರ್ಯಾದೆಗೆ ಅರ್ಹನೋ ಅಲ್ಲವೋ ಎಂದು ತೂಗುವಾಗ ನಾವು ನಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಅವನು ನಮ್ಮವನಲ್ಲದಿದ್ದರೂ ಇಷ್ಟೇ ಗಟ್ಟಿಯಾಗಿ ವಾದಿಸುತ್ತಿದ್ದೆವೆ? ಮುಂದಿನ ಪ್ರತಿಮೆಗೆ ಚಂದಾ ಎತ್ತುವ ಮೊದಲು, ನಂದಗಡದಲ್ಲಿ ಸತ್ತ ಅಷ್ಟೂ ಮಂದಿಯ ಹೆಸರು, ಊರು ಬರೆದು ಶಾಲೆಯ ಗೋಡೆಗೆ ಹಾಕೋಣ. ಗರಡಿಮನೆಗಳಲ್ಲಿ ಗೆದ್ದವನ ಫೋಟೋದ ಪಕ್ಕ ಅವನನ್ನು ತಯಾರಿಸಿದ ವಸ್ತಾದನ ಹೆಸರೂ ಇರಲಿ. ಗಜವೀರನ ಮಾತೆತ್ತಲು ಒಬ್ಬ ಸಿದ್ದಿಯೇ ಬರಲಿ ಎಂದು ನಾವು ಕಾಯುತ್ತ ಕೂರುವುದು ಬೇಡ.