ಗುರಿ ಕೇಳುವ ಮುನ್ನ

‘ಅವನನ್ನ ಯಾರ ಹತ್ರ ಕರ್ಕೊಂಡು ಹೋಗೋದು, ನೀನೇ ಹೇಳು ಮಗಾ’ ಎಂದು ಭದ್ರಾವತಿಯಿಂದ ಚಿಕ್ಕಮ್ಮ ಫೋನು ಮಾಡಿದ್ದರು. ಅವರ ಮಗ, ಅಂದರೆ ನನ್ನ ತಮ್ಮ, ಒಂದು ತಿಂಗಳಿನಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಊಟಕ್ಕೆ ಕರೆದರೆ ‘ಆಮೇಲೆ’ ಎನ್ನುತ್ತಿದ್ದ. ಕ್ರಿಕೆಟ್ ನೋಡುವುದನ್ನೂ ಬಿಟ್ಟಿದ್ದ. ಶಿವಮೊಗ್ಗದಲ್ಲಿ ಕಾಲೇಜು ಮೇಷ್ಟರಾಗಿರುವ ನನಗೆ ಇದೆಲ್ಲ ತಿಳಿದಿರುತ್ತದೆ ಎಂದು ಅವರ ನಂಬಿಕೆ.

ನಾನು ಅವನನ್ನು ಲೈಫ್ ಕೋಚ್ ಒಬ್ಬರ ಎರಡು ದಿನದ ಶಿಬಿರಕ್ಕೆ ಸೇರಿಸಿದೆ.

ಮನೋವೈದ್ಯರ ಬಗ್ಗೆ ನನಗೆ ಗೊತ್ತಿರಲಿಲ್ಲ ಎಂದು ಹೇಳುವಂತಿಲ್ಲ. ಡಾ. ಕೆ.ಎ. ಅಶೋಕ್ ಪೈ ಅವರು ಮಾನಸ ಆಸ್ಪತ್ರೆ ಕಟ್ಟಿದ ಊರಿದು. 2016ರಲ್ಲಿ ತೀರಿಕೊಳ್ಳುವವರೆಗೂ ಅವರು ಬರಹ, ಭಾಷಣ, ‘ಕಾಡಿನ ಬೆಂಕಿ’ಯಂಥ ಸಿನಿಮಾಗಳ ಮೂಲಕ ಮನಸ್ಸಿನ ತೊಂದರೆಗಳ ಬಗ್ಗೆ ಮುಚ್ಚುಮರೆಯಿಲ್ಲದೆ ಮಾತಾಡುವುದನ್ನು ಕಲಿಸಿದರು. ಇದನ್ನೆಲ್ಲ ತರಗತಿಯಲ್ಲಿ ಹೇಳುವ ನಾನೇ, ನಮ್ಮ ಮನೆಯ ಹುಡುಗನ ವಿಷಯ ಬಂದಾಗ ಹಿಂಜರಿದೆ. ‘ಟ್ರೈನಿಂಗ್‌ಗೆ ಹೋಗಿದ್ದಾನೆ’ ಎಂದು ನೆಂಟರಿಗೆ ಹೇಳಬಹುದಿತ್ತು. ‘ಮೆಂಟಲ್ ಡಾಕ್ಟರ್ ಹತ್ರ ಹೋಗಿದ್ದಾನೆ’ ಎನ್ನಲು ಬಾಯಿ ಬರಲಿಲ್ಲ. ಅವನ ಸಂಕಟ ನೋಡಿ ಆರಿಸಬೇಕಿದ್ದವನು ನೆಂಟರ ಮುಖ ನೋಡಿ ಆರಿಸಿದೆ.

ಶಿಬಿರದಲ್ಲಿ ಐದು ವರ್ಷದ ಗುರಿಗಳನ್ನು ಬರೆಸಿದರು. ಪರಿಸ್ಥಿತಿಯನ್ನು ದೂರುವವನು ಗೆಲ್ಲುವುದಿಲ್ಲ ಎಂದರು. ಮೂರ್ನಾಲ್ಕು ದಿನ ಅವನೂ ಹುರುಪಾಗಿದ್ದ. ಆಮೇಲೆ ಮೊದಲಿಗಿಂತ ಕುಸಿದ. ‘ಅಣ್ಣ, ಎಲ್ರೂ ಬರೆದ್ರು. ನಂಗೆ ಏನೂ ಬೇಕು ಅನ್ನಿಸ್ಲಿಲ್ಲ. ಪಕ್ಕದವನದ್ದು ನೋಡಿ ಬರೆದೆ. ಇದೂ ನನ್ನ ಕೈಲಿ ಆಗ್ಲಿಲ್ಲ’ ಎಂದ.

ನನ್ನ ತಪ್ಪು ಏನೆಂದು ಆ ಮಾತಿನಲ್ಲಿ ತಿಳಿಯಿತು. ಕೋಚ್ ನೆನ್ನೆಯನ್ನು ಬಿಟ್ಟು ನಾಳೆಯನ್ನು ನೋಡುತ್ತಾರೆ, ಚಿಕಿತ್ಸಕರು ನೆನ್ನೆಯನ್ನು ಕೆದಕುತ್ತಾರೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನನಗೆ ಕಂಡ ವ್ಯತ್ಯಾಸ ಬೇರೆ. ‘ನಿನಗೇನು ಬೇಕು?’ ಎಂದು ಕೇಳುವವರು, ಎದುರಿಗಿರುವವನಿಗೆ ಬೇಕು ಅನ್ನಿಸುವ ಶಕ್ತಿ ಇದೆ ಎಂದು ಮೊದಲೇ ನಂಬಿರುತ್ತಾರೆ. ಖಿನ್ನತೆ ಕಿತ್ತುಕೊಳ್ಳುವುದು ಆ ಶಕ್ತಿಯನ್ನೇ. ಕಾಲು ಮುರಿದವನಿಗೆ ಓಡುವುದನ್ನು ಕಲಿಸಿದರೆ ಕಲಿಸಿದವರು ಕೆಟ್ಟವರೆಂದೇನೂ ಅಲ್ಲ. ಆದರೆ ಓಡಲಾಗದ್ದನ್ನು ಅವನು ತನ್ನ ಸೋಮಾರಿತನ ಎಂದುಕೊಳ್ಳುತ್ತಾನೆ.

ಹಾಗಿದ್ದರೆ ಮುರಿದದ್ದನ್ನು ಗುರುತಿಸುವ ಹೊಣೆ ಯಾರದು? ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಮಾಡಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಯಾರು ಮಾನಸಿಕ ಆರೋಗ್ಯ ವೃತ್ತಿಪರರು ಎಂದು ಹೇಳುತ್ತದೆ. ಲೈಫ್ ಕೋಚ್ ಆ ಪಟ್ಟಿಯಲ್ಲಿಲ್ಲ. ನಾಳೆ ನಾನೇ ಬೋರ್ಡು ಹಾಕಿಕೊಂಡು ಕೂತರೂ ತಡೆಯುವವರಿಲ್ಲ. ಪದವಿ ಇದ್ದವರೆಲ್ಲ ಒಳ್ಳೆಯವರು, ಇಲ್ಲದವರೆಲ್ಲ ಮೋಸಗಾರರು ಎಂದು ನಾನು ಹೇಳುತ್ತಿಲ್ಲ. ‘ಇದು ನನ್ನ ಕೆಲಸವಲ್ಲ, ಡಾಕ್ಟರನ್ನು ನೋಡಿ’ ಎಂದು ಹೇಳಿ ಫೀಸು ವಾಪಸ್ ಕೊಡುವ ಕೋಚ್ ನನ್ನ ಲೆಕ್ಕದಲ್ಲಿ ಯೋಗ್ಯರು. ಆದರೆ ಆ ಪ್ರಾಮಾಣಿಕತೆಯನ್ನು ಅವರಿಂದ ಕೇಳುವ ಮೊದಲು ನನ್ನಲ್ಲಿ ಅದು ಇರಬೇಕಿತ್ತು.

ಕೊನೆಗೆ ಮನೋವೈದ್ಯರ ಬಳಿ ಹೋದೆವು. ಔಷಧಿ ಶುರುವಾಯಿತು; ವಾರಕ್ಕೊಮ್ಮೆ ಸೈಕಾಲಜಿಸ್ಟ್ ಜೊತೆ ಮಾತು. ಅವರು ಮೊದಲ ದಿನ ಕೇಳಿದ್ದು ಅವನ ಮನೆಯ ಬಗ್ಗೆ. ಚಿಕ್ಕಪ್ಪ ಎಂ.ಪಿ.ಎಂ.ನಲ್ಲಿದ್ದವರು. 1936ರಲ್ಲಿ ಸ್ಥಾಪನೆಯಾದ ಆ ಕಾಗದ ಕಾರ್ಖಾನೆ ಕಳೆದ ದಶಕದಲ್ಲಿ ಉತ್ಪಾದನೆ ನಿಲ್ಲಿಸಿತು. 1923ರಲ್ಲಿ ಕಬ್ಬಿಣ ತಯಾರಿಸಲು ಶುರುಮಾಡಿದ ವಿ.ಐ.ಎಸ್.ಎಲ್. ಅನ್ನು ಮುಚ್ಚುವ ಸುದ್ದಿ ಸರಿಯಾಗಿ ನೂರು ವರ್ಷಕ್ಕೆ, 2023ರ ಜನವರಿಯಲ್ಲಿ ಬಂತು. ಡಿಪ್ಲೊಮಾ ಮುಗಿಸಿದ ಹುಡುಗನಿಗೆ ಊರಿನಲ್ಲಿ ಉಳಿಯುವ ದಾರಿಗಳು ಒಂದೊಂದಾಗಿ ಮುಚ್ಚಿದ್ದವು. ಇದನ್ನು ಹೇಳಿಕೊಳ್ಳುವುದು ದೂರುವುದಾಗುತ್ತದೆಯೇ? ಮಾತ್ರೆಯಿಂದ ಕಾರ್ಖಾನೆ ತೆರೆಯುವುದಿಲ್ಲ, ನಿಜ. ಆದರೆ ಕಾರ್ಖಾನೆ ಮುಚ್ಚಿದ್ದು ಅವನ ಮನಸ್ಸಿನ ದೋಷವಲ್ಲ ಎಂದು ಒಬ್ಬರಾದರೂ ಕೂತು ಕೇಳಿ ಒಪ್ಪಿದ ಮೇಲೆ ಅವನಿಗೆ ಉಸಿರಾಡಲು ಜಾಗ ಸಿಕ್ಕಿತು.

ನನ್ನ ವಿದ್ಯಾರ್ಥಿಗಳು ಕೇಳಿದರೆ ಈಗ ಇಷ್ಟು ಹೇಳುತ್ತೇನೆ: ಎರಡು ವಾರಕ್ಕೂ ಮೀರಿ ನಿದ್ದೆ, ಹಸಿವು, ಆಸಕ್ತಿ ಇಲ್ಲವಾಗಿದ್ದರೆ ಮೊದಲು ವೈದ್ಯರು. ಹೋಗಲು ಸಂಕೋಚವಾದರೆ 14416ಕ್ಕೆ, ಸರ್ಕಾರದ ಟೆಲಿ-ಮಾನಸ್‌ಗೆ, ದುಡ್ಡಿಲ್ಲದೆ ಫೋನು ಮಾಡಬಹುದು. ದಾರಿ ಗೊತ್ತಿದ್ದೂ ಹೆಜ್ಜೆ ಇಡಲು ಜೊತೆ ಬೇಕಾದವರಿಗೆ ಒಳ್ಳೆಯ ಕೋಚ್ ನೆರವಾಗಬಹುದು.

ನಾಲ್ಕು ತಿಂಗಳ ನಂತರ ಆಸ್ಪತ್ರೆಯಿಂದ ಬಸ್ ನಿಲ್ದಾಣಕ್ಕೆ ನಡೆಯುವಾಗ ತಮ್ಮ ಒಂದು ಹೋಟೆಲಿನ ಮುಂದೆ ನಿಂತ. ‘ಅಣ್ಣ, ಮಸಾಲೆ ದೋಸೆ ತಿನ್ನೋಣ್ವಾ?’ ಎಂದ. ಅಷ್ಟು ದಿನಗಳಲ್ಲಿ ಅವನು ತನಗೆ ಬೇಕೆಂದು ಕೇಳಿದ ಮೊದಲ ವಸ್ತು ಅದು. ತಿನ್ನುತ್ತಿರುವಾಗ ನೆಂಟರೊಬ್ಬರು ಸಿಕ್ಕಿ ಊರಿಗೆ ಬಂದದ್ದೇಕೆ ಎಂದು ಕೇಳಿದರು. ನಾನು ತಡವರಿಸಿದೆ. ‘ಡಾಕ್ಟರ್ ಹತ್ರ’ ಎಂದು ಅವನೇ ಹೇಳಿದ.