ಕಿವಿಗಾಗಿ ಮಾಡಿದ್ದು ಕಣ್ಣನ್ನೇಕೆ ಕರೆಯುತ್ತದೆ

ದಿನನಿತ್ಯ ಹಾಡು ಕೇಳಲೆಂದು ಜೇಬಿಗೆ ಹಿಡಿಸುವ ಒಂದು ಟಚ್‌ಸ್ಕ್ರೀನ್ ಪ್ಲೇಯರ್ ಕೊಳ್ಳಹೊರಟವರು ಸಾಮಾನ್ಯವಾಗಿ ಮೂರು ವಿಷಯ ವಿಚಾರಿಸುತ್ತಾರೆ: ದನಿ ಹೇಗಿದೆ, ಎಷ್ಟು ಹಾಡು ಹಿಡಿಯುತ್ತದೆ, ಒಮ್ಮೆ ಚಾರ್ಜ್ ಮಾಡಿದರೆ ಎಷ್ಟು ಹೊತ್ತು ನಡೆಯುತ್ತದೆ. ಮೂರೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ಮೂರಕ್ಕೂ ಬಹುಮಟ್ಟಿಗೆ ಉತ್ತರ ಸಿಕ್ಕಾಗಿದೆ. ಮನುಷ್ಯರ ಕಿವಿಗೆ ಕೇಳಿಸುವುದು ಸೆಕೆಂಡಿಗೆ ಹೆಚ್ಚುಕಡಿಮೆ 20ರಿಂದ 20,000 ಕಂಪನಗಳವರೆಗಿನ ನಾದ ಮಾತ್ರ. ನಾದವನ್ನು ಸೆಕೆಂಡಿಗೆ 44,100 ಬಾರಿ ಅಳೆದು ದಾಖಲಿಸುವ ಸಿ.ಡಿ. 1982ರಲ್ಲಿ ಮಾರುಕಟ್ಟೆಗೆ ಬಂದಾಗಲೇ ಆ ಎಲ್ಲೆಯನ್ನು ಮುಟ್ಟಿತ್ತು. 2001ರ ಮೊದಲ ಐಪಾಡ್‌ನ 5 ಜಿ.ಬಿ. ಜಾಗದಲ್ಲೇ ಸುಮಾರು ಸಾವಿರ ಹಾಡುಗಳು ಕೂತಿದ್ದವು. ಉತ್ತರ ಸಿಗದೆ ಉಳಿದಿರುವುದು ಕೇಳುವವರ ಕುರಿತ ಪ್ರಶ್ನೆ: ಹಾಡು ಶುರುವಾದ ಮೇಲೆ ಅವರ ಮನಸ್ಸು ಎಲ್ಲಿರುತ್ತದೆ? ನಮ್ಮ ದರ್ಶನಗಳಿಗೆ ಇದು ಹಳೆಯ ಚಿಂತೆ. ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯ ಮೈತ್ರೇಯಿಗೆ ಆತ್ಮದ ವಿಚಾರ ತಿಳಿಸುವಾಗ ಮನನಕ್ಕೂ ನಿದಿಧ್ಯಾಸನಕ್ಕೂ ಮೊದಲು ಶ್ರವಣವನ್ನು, ಅಂದರೆ ಕೇಳುವುದನ್ನು, ಇಟ್ಟ. ಭಾಗವತದ ಪ್ರಹ್ಲಾದ ಒಂಬತ್ತು ಬಗೆಯ ಭಕ್ತಿಯನ್ನು ಎಣಿಸಲು ತೊಡಗುವುದೂ ಶ್ರವಣದಿಂದಲೇ. ಹಾಗಾಗಿ ಕೇಳುವ ಯಂತ್ರವನ್ನು ತೂಗುವಾಗ, ಹಾಡು ಹತ್ತಿದ ಮೇಲೆ ಅದು ನಮ್ಮ ಕಣ್ಣನ್ನೂ ಬೆರಳನ್ನೂ ಎಷ್ಟು ಬೇಗ ಬಿಟ್ಟುಕೊಡುತ್ತದೆ ಎಂಬುದನ್ನೇ ಮೊದಲು ನೋಡಬೇಕು ಎನ್ನುವುದು ನನ್ನ ವಾದ. ಟಚ್‌ಸ್ಕ್ರೀನ್ ಪ್ಲೇಯರ್ ಗೆಲ್ಲುವುದೂ ಸೋಲುವುದೂ ಅಲ್ಲಿಯೇ.

ಈ ಅಳತೆಗೆ ನ್ಯಾಯದರ್ಶನದಲ್ಲಿ ಗಟ್ಟಿಯಾದ ಆಧಾರವಿದೆ. ಕಿವಿಯ ಮೇಲೆ ಸದ್ದು ಬಿದ್ದ ಮಾತ್ರಕ್ಕೆ ಅರಿವು ಹುಟ್ಟುವುದಿಲ್ಲ, ಮನಸ್ಸು ಹೋಗಿ ಆ ಇಂದ್ರಿಯದೊಡನೆ ಕೂಡಬೇಕು ಎನ್ನುತ್ತಾರೆ ನೈಯಾಯಿಕರು. ಅವರ ಲೆಕ್ಕದಲ್ಲಿ ಮನಸ್ಸು ಅಣುಗಾತ್ರದ್ದು, ಒಂದು ಹೊತ್ತಿಗೆ ಒಂದೇ ಇಂದ್ರಿಯದ ಬಳಿ ಇರಬಲ್ಲದ್ದು. ಇದಕ್ಕೆ ಹಿಂದೆಯೇ ಒಂದು ಸೊಗಸಾದ ಆಕ್ಷೇಪ ಬಂದಿತ್ತು. ಉದ್ದನೆಯ ಚಕ್ಕುಲಿಯನ್ನು ಕಡಿದು ತಿನ್ನುವವನಿಗೆ ಅದರ ಬಣ್ಣ, ವಾಸನೆ, ರುಚಿ, ಗರಿಗರಿತನ, ಮುರಿಯುವ ಸದ್ದು ಐದೂ ಒಟ್ಟಿಗೇ ತಿಳಿಯುತ್ತವಲ್ಲ, ಅದು ಹೇಗೆ? ಮನಸ್ಸಿನ ಓಟ ಅಷ್ಟು ಚುರುಕಾದದ್ದು, ಬೀಸಿದ ಕೊಳ್ಳಿ ಬೆಂಕಿಯ ಚಕ್ರವಾಗಿ ಕಾಣುವಂತೆ ಒಂದಾದಮೇಲೊಂದು ಬರುವ ಅರಿವುಗಳು ಒಟ್ಟಿಗೆ ಬಂದಂತೆ ತೋರುತ್ತವೆ ಎಂಬುದು ನೈಯಾಯಿಕರ ಸಮಾಧಾನ. ಮನಸ್ಸು ಅಣುವೆಂಬ ಮಾತನ್ನು ಇಂದು ಯಾರೂ ಒಪ್ಪಬೇಕಾಗಿಲ್ಲ. ಆದರೆ ಗಮನಕ್ಕೆ ಮಿತಿಯಿದೆ ಎಂಬ ತಿರುಳು ಪ್ರಯೋಗಶಾಲೆಯಲ್ಲೂ ನಿಂತಿದೆ. 1953ರಲ್ಲಿ ಕಾಲಿನ್ ಚೆರಿ ಎಂಬ ವಿಜ್ಞಾನಿ ಕೇಳುಗರ ಎರಡು ಕಿವಿಗಳಿಗೆ ಹೆಡ್‌ಫೋನಿನಲ್ಲಿ ಎರಡು ಬೇರೆ ಮಾತುಗಳನ್ನು ಕೇಳಿಸಿ, ಒಂದನ್ನು ಮಾತ್ರ ಕೂಡಲೇ ತಿರುಗಿ ಹೇಳುತ್ತ ಹೋಗಿ ಎಂದ. ಇನ್ನೊಂದು ಕಿವಿಗೆ ಬಿದ್ದ ಮಾತು ಏನೆಂದು ಕೇಳಿದರೆ ಅವರಿಗೆ ಹೇಳಲು ಹೆಚ್ಚೇನೂ ಇರಲಿಲ್ಲ. ಚಕ್ಕುಲಿಯ ಉದಾಹರಣೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಬೇರೊಂದು ಸಂಗತಿ. ಅಲ್ಲಿ ಐದು ಅರಿವುಗಳೂ ಒಂದೇ ತಿನಿಸಿನವು, ಮನಸ್ಸು ಎತ್ತ ಓಡಿದರೂ ಚಕ್ಕುಲಿಯ ಹೊರಗೆ ಹೋಗುವುದಿಲ್ಲ. ಪ್ಲೇಯರಿನ ಗಾಜು ತೋರಿಸುವುದು ಹಾಗಲ್ಲ. ಮುಂದಿನ ಹಾಡಿನ ಹೆಸರು, ಬೇರೆ ಆಲ್ಬಮ್‌ಗಳ ಮುಖಚಿತ್ರಗಳು, ಇನ್ನೆಷ್ಟು ನಿಮಿಷ ಉಳಿದಿದೆ ಎಂಬ ಗೆರೆ, ಇವು ಯಾವುವೂ ಈಗ ಕೇಳಿಸುತ್ತಿರುವ ಸ್ವರದಲ್ಲಿಲ್ಲ. ಕಣ್ಣು ಅಲ್ಲಿಗೆ ಹೋದಾಗ ಮನಸ್ಸು ಹಾಡಿನ ಇನ್ನೊಂದು ಮುಖಕ್ಕೆ ಹೋಗಿರುವುದಿಲ್ಲ, ಹಾಡನ್ನೇ ಬಿಟ್ಟು ಹೋಗಿರುತ್ತದೆ.

ಇದು ಬರೀ ಊಹೆಯಲ್ಲ ಎಂಬುದಕ್ಕೆ ಈ ಯಂತ್ರಗಳ ಚರಿತ್ರೆಯೇ ಸಾಕ್ಷಿ. 2007ರ ಸೆಪ್ಟೆಂಬರಿನಲ್ಲಿ ಆಪಲ್ ಕಂಪನಿ ಐಪಾಡ್ ಟಚ್ ಅನ್ನು ಹೊರತಂದಾಗ ಅದರ ಮೂರೂವರೆ ಇಂಚಿನ ಗಾಜು ಎಲ್ಲರನ್ನೂ ಬೆರಗುಗೊಳಿಸಿತು. ಆದರೆ ಆ ಮೊದಲ ಮಾದರಿಯಲ್ಲಿ ವಾಲ್ಯೂಮ್ ಏರಿಸಿ ಇಳಿಸಲು ಬದಿಯಲ್ಲಿ ಒಂದು ಗುಂಡಿಯೂ ಇರಲಿಲ್ಲ. ಸದ್ದು ತುಸು ಕಡಿಮೆ ಮಾಡಬೇಕೆಂದರೂ ಜೇಬಿನಿಂದ ತೆಗೆದು, ಸ್ಕ್ರೀನ್ ಬೆಳಗಿಸಿ, ನೋಡಿ, ಗೆರೆಯೊಂದನ್ನು ಬೆರಳಿನಿಂದ ಎಳೆಯಬೇಕಿತ್ತು. ಅದಕ್ಕೂ ಹಿಂದಿನ ಐಪಾಡ್‌ಗಳ ಚಕ್ರವನ್ನು ಜೇಬಿನೊಳಗೇ ಹೆಬ್ಬೆರಳಿನಿಂದ ಸವರಿ ಅದೇ ಕೆಲಸ ಮುಗಿಸಬಹುದಿತ್ತು. ಒಂದೇ ವರ್ಷದಲ್ಲಿ, 2008ರ ಎರಡನೆಯ ಮಾದರಿಯಲ್ಲಿ, ಗುಂಡಿಗಳು ಬಂದವು. ಇಂದು ಸೋನಿ ಕಂಪನಿ ವಾಕ್‌ಮನ್ ಹೆಸರಿನಲ್ಲಿ ಮಾರುವ ಟಚ್‌ಸ್ಕ್ರೀನ್ ಪ್ಲೇಯರುಗಳ ಬದಿಯಲ್ಲಿ ನಿಲ್ಲಿಸುವ, ಮುಂದೆ ಹೋಗುವ, ಹಿಂದೆ ಬರುವ, ಸದ್ದು ಹೆಚ್ಚು-ಕಡಿಮೆ ಮಾಡುವ ಗುಂಡಿಗಳ ಸಾಲೇ ಇದೆ. ಆಕಸ್ಮಿಕ ಒತ್ತುವಿಕೆಯನ್ನು ತಡೆಯುವ ಹೋಲ್ಡ್ ಸ್ವಿಚ್ ಕೂಡ ಇದೆ. ಗಾಜನ್ನು ಮುಂದಿಟ್ಟವರೇ ಗಾಜು ಸಾಲದೆಂದು ಒಪ್ಪಿಕೊಂಡಂತಾಯಿತು. ಅಡುಗೆಮನೆಯಲ್ಲಂತೂ ಈ ಕೊರತೆ ಬರಿಗಣ್ಣಿಗೇ ಕಾಣುತ್ತದೆ. ಬೆರಳು ವಿದ್ಯುತ್ತನ್ನು ಹರಿಯಬಿಡುವ ಗುಣದ ಮೇಲೆ ಈ ಸ್ಕ್ರೀನುಗಳು ನಡೆಯುತ್ತವೆ, ನೀರೂ ಅದೇ ಗುಣದ್ದು. ಒದ್ದೆ ಕೈಯಿಂದ ಮುಟ್ಟಿದರೆ ಯಾವುದು ಬೆರಳು, ಯಾವುದು ಹನಿ ಎಂದು ಸ್ಕ್ರೀನಿಗೆ ತಿಳಿಯದು. ದಿನನಿತ್ಯದ ಕೇಳುವಿಕೆ ಎಂದರೆ ಪಾತ್ರೆ ತೊಳೆಯುವಾಗಿನ, ಬಸ್ಸಿನಲ್ಲಿ ನಿಂತು ಒಂದು ಕೈಯಲ್ಲಿ ಕಂಬಿ ಹಿಡಿದಿರುವಾಗಿನ ಕೇಳುವಿಕೆ. ಅಲ್ಲಿ ಕೈಯೂ ಕಣ್ಣೂ ಬಿಡುವಾಗಿರುವುದಿಲ್ಲ.

ಇಲ್ಲಿಯೇ ಮೊದಲ ಗಂಭೀರ ಆಕ್ಷೇಪ ಏಳುತ್ತದೆ. ಉಪನಿಷತ್ತಿನ ಶ್ರವಣವೆಲ್ಲಿ, ಪಾತ್ರೆ ತೊಳೆಯುತ್ತ ಕೇಳುವ ಚಿತ್ರಗೀತೆಯೆಲ್ಲಿ? ಕೆಲಸದ ನಡುವೆ ಕೇಳುವವರು ಅರ್ಧ ಮನಸ್ಸಿನಿಂದಲೇ ಕೇಳುತ್ತಾರೆ. ಅವರಿಗೆ ಏಕಾಗ್ರತೆಯ ನಿಯಮ ಹೇರುವುದು ತಪ್ಪಲ್ಲವೇ? ಗುರುವಿನ ಬಾಯಿಂದ ಬಂದ ವಾಕ್ಯವೂ ಹಾಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಕೆಲಸದ ನಡುವಿನ ಹಾಡನ್ನು ಕೀಳೆಂದಂತೂ ಎಣಿಸಲಾರೆ, ಏಕೆಂದರೆ ನಮ್ಮ ನಾಡಿನ ಹೆಣ್ಣುಮಕ್ಕಳ ಅತ್ಯುತ್ತಮ ಕಾವ್ಯ ಹುಟ್ಟಿದ್ದು ಬೀಸುವ ಕಲ್ಲಿನ ಮುಂದೆ. ಆದರೆ ಬೀಸುವ ಪದವನ್ನು ಸರಿಯಾಗಿ ನೋಡಬೇಕು. ಅಲ್ಲಿ ಗೂಟ ಹಿಡಿದ ಕೈಯ ತಿರುಗಾಟವೇ ಹಾಡಿನ ಲಯ, ಹಾಡೇ ಕೈಗೆ ಬಲ. ಹಾಡು ಮುಂದುವರಿಯಬೇಕಾದರೆ ಕಲ್ಲು ಬಿಟ್ಟು ಇನ್ನೇನನ್ನೋ ಮುಟ್ಟಬೇಕು ಎಂಬ ಷರತ್ತು ಇರಲಿಲ್ಲ. ಕೆಲಸವೂ ಹಾಡೂ ಮನಸ್ಸನ್ನು ಹಂಚಿಕೊಂಡವು. ಮೂರನೆಯದೊಂದು ಬಂದು ಪಾಲು ಕೇಳಲಿಲ್ಲ. ಹಾಗಾಗಿ ಈ ಆಕ್ಷೇಪ ನನ್ನ ಅಳತೆಯನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಅರ್ಧ ಮನಸ್ಸಷ್ಟೇ ಹಾಡಿಗೆ ಉಳಿದಿರುವಾಗ ಆ ಅರ್ಧದಲ್ಲಿ ಯಂತ್ರ ಕಿತ್ತುಕೊಳ್ಳುವುದು ದೊಡ್ಡ ಪಾಲೇ.

ಇನ್ನೊಂದು ಆಕ್ಷೇಪ ಇದಕ್ಕಿಂತ ಆಳದ್ದು, ಧರ್ಮಚಿಂತನೆಯ ಒಳಗಿಂದಲೇ ಬರುವಂಥದ್ದು. ಚಂಚಲತೆ ಮನಸ್ಸಿನದು, ಗಾಜಿನದಲ್ಲ. ಕಠೋಪನಿಷತ್ತಿನಲ್ಲಿ ಇಂದ್ರಿಯಗಳು ಕುದುರೆಗಳು, ಮನಸ್ಸು ಲಗಾಮು, ಬುದ್ಧಿ ಸಾರಥಿ. ಸಾರಥಿ ಸಮರ್ಥನಾದರೆ ಯಾವ ದಾರಿಯಾದರೇನು? ತನ್ನ ಮನಸ್ಸಿನ ದೋಷವನ್ನು ಯಂತ್ರದ ತಲೆಗೆ ಕಟ್ಟುವುದು ಜವಾಬ್ದಾರಿಯಿಂದ ನುಣುಚಿಕೊಳ್ಳುವ ಉಪಾಯವಲ್ಲವೇ? ಈ ಮಾತಿನಲ್ಲಿ ಸತ್ಯವಿದೆ. ಯಾವ ಪ್ಲೇಯರೂ ಯಾರನ್ನೂ ಒಳ್ಳೆಯ ಕೇಳುಗರನ್ನಾಗಿ ಮಾಡಿಕೊಡುವುದಿಲ್ಲ. ಆದರೆ ಮನಸ್ಸಿನ ಜವಾಬ್ದಾರಿಯನ್ನು ಇಷ್ಟು ಗಟ್ಟಿಯಾಗಿ ಹೇಳಿದ ಪರಂಪರೆಯೇ ಹೊರಗಿನ ಏರ್ಪಾಡನ್ನು ಎಂದೂ ಅಲಕ್ಷಿಸಲಿಲ್ಲ. ಗೀತೆಯ ಆರನೆಯ ಅಧ್ಯಾಯ ಧ್ಯಾನವನ್ನು ಹೇಳುವ ಮೊದಲು ಆಸನದ ವಿಚಾರ ಹೇಳುತ್ತದೆ: ಜಾಗ ಶುಚಿಯಾಗಿರಬೇಕು, ಪೀಠ ತೀರಾ ಎತ್ತರವೂ ತೀರಾ ತಗ್ಗೂ ಆಗಬಾರದು, ಮೇಲೆ ಏನು ಹಾಸಬೇಕು. ಮನಸ್ಸೇ ಎಲ್ಲವೂ ಆಗಿದ್ದರೆ ಹಾಸಿನ ಮಾತು ಏಕೆ ಬರಬೇಕಿತ್ತು? ಅಭ್ಯಾಸ ಮಾಡುವವರ ಶಕ್ತಿ ಸೀಮಿತವೆಂದು ಬಲ್ಲವರು, ಆ ಶಕ್ತಿ ಆಸನದೊಡನೆ ಗುದ್ದಾಡುವುದರಲ್ಲಿ ಕಳೆದುಹೋಗಬಾರದೆಂದು ಕಂಡುಕೊಂಡಿದ್ದರು. ಮನಸ್ಸಿಗೆ ಹೊಣೆಯಿದೆ ಎಂಬುದರಿಂದ ಉಪಕರಣಕ್ಕೆ ಗುಣದೋಷವೇ ಇಲ್ಲವೆಂದು ಸಿದ್ಧವಾಗುವುದಿಲ್ಲ.

ಸ್ವಾತಂತ್ರ್ಯದ ಹೆಸರಿನಲ್ಲಿ ಬರುವ ವಾದವನ್ನು ನಾನು ಹೆಚ್ಚು ಗೌರವಿಸುತ್ತೇನೆ. ರೇಡಿಯೋ ಹಾಕಿದ್ದನ್ನೇ ಕೇಳಬೇಕಿದ್ದ ಕಾಲದಿಂದ, ಬೇಕಾದದ್ದನ್ನು ಬೇಕೆಂದಾಗ ಕೇಳುವ ಕಾಲಕ್ಕೆ ಬಂದಿದ್ದೇವೆ. ಸಾವಿರ ಹಾಡನ್ನು ಬೆರಳ ತುದಿಗೆ ತಂದುಕೊಟ್ಟ ಗಾಜನ್ನು ದೂರುವುದು ಹಳೆಯ ಕೊರತೆಯನ್ನೇ ಗುಣವೆಂದು ಹೊಗಳಿದಂತೆ ಎನ್ನಬಹುದು. ಆಯ್ಕೆ ಒಳ್ಳೆಯದೇ. ಆದರೆ ಕೇಳಲು ಕೂರುವ ಮೊದಲು ಆರಿಸುವುದು ಸಂಕಲ್ಪ, ಕೇಳುತ್ತಿರುವಾಗ ಮತ್ತೆ ಮತ್ತೆ ಆರಿಸುವುದು ಆ ಸಂಕಲ್ಪವನ್ನೇ ಮುರಿಯುವ ಕೆಲಸ. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರ ಕಿರಾಣಾ ಘರಾಣೆಯ ವಿಲಂಬಿತ ಖಯಾಲನ್ನೇ ತೆಗೆದುಕೊಳ್ಳಿ. ಅಲ್ಲಿ ರಾಗ ಸ್ವರಸ್ವರವಾಗಿ ಬಿಚ್ಚಿಕೊಳ್ಳುತ್ತದೆ. ಮೇಲಿನ ಷಡ್ಜ ಬಂದಾಗ ಆಗುವ ತೃಪ್ತಿ, ಅದಕ್ಕಾಗಿ ಅಷ್ಟು ಹೊತ್ತು ಕಾದವರಿಗೆ ಮಾತ್ರ ಸಿಗುವಂಥದ್ದು. ಐದನೆಯ ನಿಮಿಷಕ್ಕೆ ಬೆರಳು ಮುಂದಕ್ಕೆ ಸರಿಸಿದರೆ ರಾಗದ ಒಂದು ತುಂಡು ಸಿಕ್ಕೀತು, ಆ ತೃಪ್ತಿ ಸಿಗದು. ಯಂತ್ರ ಸಂಗೀತವನ್ನು ಕತ್ತರಿಸುವುದು ಹೊಸದಲ್ಲ ನಿಜ. 1902ರಲ್ಲಿ ಗೌಹರ್ ಜಾನ್ ಕಲ್ಕತ್ತೆಯಲ್ಲಿ ತಮ್ಮ ಮೊದಲ ಧ್ವನಿಮುದ್ರಿಕೆಗೆ ಹಾಡಿದಾಗ ರಾಗವನ್ನು ಸುಮಾರು ಮೂರು ನಿಮಿಷಕ್ಕೆ ಹಿಡಿಸಬೇಕಾಗಿತ್ತು. ಆದರೆ ಅಲ್ಲಿ ಎಲ್ಲಿ ಮುಗಿಸಬೇಕೆಂದು ತೀರ್ಮಾನಿಸಿದ್ದು ಗಾಯಕಿ. ಆ ಮೂರು ನಿಮಿಷಕ್ಕೂ ಒಂದು ಆದಿ, ಒಂದು ಅಂತ್ಯ ಇತ್ತು. ಮಿತಿಯೂ ಆಯ್ಕೆಯಾಗಬಲ್ಲದು. ಜೈನ ಗೃಹಸ್ಥರಾದ ಶ್ರಾವಕರ ವ್ರತಗಳಲ್ಲಿ ಭೋಗೋಪಭೋಗ ಪರಿಮಾಣ ಎಂಬುದೊಂದಿದೆ: ಬಳಸುವ ವಸ್ತುಗಳಿಗೆ ತಾವೇ ಮುಂಚಿತವಾಗಿ ಮಿತಿ ಹಾಕಿಕೊಳ್ಳುವುದು. ಅಲ್ಲಿ ಮಿತಿಯನ್ನು ಆರಿಸುವುದೂ ಗೃಹಸ್ಥರ ಸ್ವಾತಂತ್ರ್ಯವೇ. ಇವತ್ತಿಗೆ ಈ ಎರಡು ಆಲ್ಬಮ್ ಎಂದು ಬೆಳಿಗ್ಗೆಯೇ ಗುರುತು ಹಾಕಿ ಗಾಜನ್ನು ಕತ್ತಲು ಮಾಡುವವರು ಆಯ್ಕೆಯನ್ನು ಬಿಟ್ಟುಕೊಟ್ಟಿಲ್ಲ, ಅದನ್ನು ಒಮ್ಮೆ ಪೂರ್ತಿಯಾಗಿ ಬಳಸಿದ್ದಾರೆ.

ನನ್ನ ವಾದವನ್ನು ಸ್ವಲ್ಪ ತಿದ್ದಿಕೊಳ್ಳುವಂತೆ ಮಾಡುವ ಒಂದು ಸಂಗತಿಯೂ ಇದೆ. 2009ರಲ್ಲಿ ಐಪಾಡ್ ಟಚ್‌ನ ಮೂರನೆಯ ಮಾದರಿಗೆ ವಾಯ್ಸ್‌ಓವರ್ ಬಂತು. ಬೆರಳು ಎಲ್ಲಿದೆಯೋ ಅಲ್ಲಿ ಬರೆದದ್ದನ್ನು ಯಂತ್ರವೇ ಓದಿ ಹೇಳುವುದರಿಂದ, ದೃಷ್ಟಿಯಿಲ್ಲದವರು ನುಣುಪು ಗಾಜಿನ ಮೇಲೂ ತಮ್ಮ ಹಾಡನ್ನು ತಾವೇ ಹುಡುಕಿಕೊಳ್ಳಬಲ್ಲವರಾದರು. ಅಕ್ಷರವನ್ನು ದೊಡ್ಡದು ಮಾಡಿಕೊಳ್ಳುವ ಅನುಕೂಲ ವಯಸ್ಸಾದವರಿಗೂ ಸಣ್ಣದಲ್ಲ. ಹಾಗಾದರೆ ಸ್ಪರ್ಶ ಶತ್ರುವಲ್ಲ. ಪ್ರತಿ ಸ್ಪರ್ಶಕ್ಕೂ ಕಣ್ಣನ್ನು ಒತ್ತೆ ಕೇಳುವ ವಿನ್ಯಾಸ ಮಾತ್ರ ದೋಷದ್ದು. ಆರಿಸುವ ಹೊತ್ತಿಗೆ ಗಾಜು, ಕೇಳುವ ಹೊತ್ತಿಗೆ ಗುಂಡಿ ಎಂದು ಕೆಲಸವನ್ನು ಹಂಚಿಕೊಂಡ ಪ್ಲೇಯರನ್ನು ನಾನು ಸಂತೋಷದಿಂದ ಒಪ್ಪುತ್ತೇನೆ.

ಜೇಬಿನಲ್ಲಿ ಫೋನಿರುವಾಗ ಬೇರೆ ಪ್ಲೇಯರ್ ಏಕೆ ಎಂಬ ಪ್ರಶ್ನೆ 2022ರ ಮೇ ತಿಂಗಳಲ್ಲಿ ಐಪಾಡ್ ಟಚ್ ನಿಂತುಹೋದ ಮೇಲೆ ಇನ್ನಷ್ಟು ಜೋರಾಗಿದೆ. ಫೋನಿನಲ್ಲಿ ಹಾಡಿನ ಮಧ್ಯೆ ಯಾರು ಬೇಕಾದರೂ ಬಂದು ಕರೆಯಬಹುದು, ಪ್ಲೇಯರಿನಲ್ಲಿ ಬಾರದಂತೆ ಮಾಡಿಕೊಳ್ಳಬಹುದು. ಇದೊಂದೇ ಕಾರಣ ಸಾಕು. ಆದರೆ ಈಗಿನ ಹಲವು ಪ್ಲೇಯರುಗಳು ಆಂಡ್ರಾಯ್ಡ್ ಮೇಲೆ ನಡೆಯುವುದರಿಂದ ವೈಫೈ ತೆರೆದಿಟ್ಟರೆ ಅವೂ ಸಿಮ್ ಇಲ್ಲದ ಫೋನುಗಳೇ. ಹಾಗಾಗಿ ಅಂಗಡಿಯಲ್ಲಿ ದನಿಯ ಪರೀಕ್ಷೆಯಾದ ಮೇಲೆ ಇನ್ನೆರಡನ್ನು ನೋಡಿಕೊಳ್ಳಬೇಕು. ಸ್ಕ್ರೀನ್ ಕತ್ತಲು ಮಾಡಿ, ಯಂತ್ರವನ್ನು ಜೇಬಿಗೆ ಹಾಕಿ, ನೋಡದೆ ಹಾಡು ನಿಲ್ಲಿಸಲು, ಮತ್ತೆ ನಡೆಸಲು, ಸದ್ದು ಇಳಿಸಲು ಆಗುತ್ತದೆಯೇ? ಸದ್ದಿಗೆ ಮೇಲಿನ ಮಿತಿ ಹಾಕಿಡಲು ಬರುತ್ತದೆಯೇ? ಎರಡನೆಯದನ್ನು ಸಣ್ಣ ವಿಷಯವೆಂದು ಬಿಡಬಾರದು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ 40 ಗಂಟೆ 80 ಡೆಸಿಬಲ್ ಎಂಬ ಎಲ್ಲೆಯನ್ನು ಸೂಚಿಸಿದೆ, ಮಕ್ಕಳಿಗೆ 75. ಒಳಕಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ.